ಕೈಗಡದ ರಕ್ತ, ಮುಯ್ಯಾಳು ಜೀವಕೋಶ

"ಪ್ಲಾಸ್ಮಾ ಕೊಟ್ರು, ಅದಕ್ಕ ಮನಶ್ಯಾ ಉಳದ."

ನಮ್ಮ ಯಳವತ್ತಿಯ ಕಟ್ಟೆಯ ಮೇಲೆ ಕೋವಿಡ್ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಮಾತನ್ನು ಆಡಿಯೇ ಆಡುತ್ತಾರೆ. ಅದಕ್ಕೆ ಇನ್ನೊಬ್ಬರು "ಕೊಟ್ರೂ ಸತ್ತಾವ್ರು ಇಲ್ಲೇನು?" ಅನ್ನುತ್ತಾರೆ. ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಚಹಾ ಬರುತ್ತದೆ, ಮಾತು ಗೋವಿನಜೋಳದ ರೇಟಿನ ಕಡೆ ಹೊರಳುತ್ತದೆ. ನನಗೆ ಮಾತ್ರ ಈ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಒಬ್ಬರ ದೇಹದ ರೋಗನಿರೋಧಕ ಶಕ್ತಿಯನ್ನು ಇನ್ನೊಬ್ಬರಿಗೆ ಕೊಡಬಹುದು ಅನ್ನೋ ಯೋಚನೆ ಎಲ್ಲಿಂದ ಬಂತು? ಈಗ ವಿದೇಶಗಳಲ್ಲಿ ಪ್ಲಾಸ್ಮಾ ಬಿಟ್ಟು ನೇರವಾಗಿ ಜೀವಕೋಶಗಳನ್ನೇ ಕೊಟ್ಟು ನೋಡುತ್ತಿದ್ದಾರಲ್ಲ, ಅದರ ಕಥೆ ಏನು? ಸಂಜೆ ಆಫೀಸು ಮುಗಿಸಿ ಒಂದಷ್ಟು ದಿನ ಓದಿದೆ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವನು. ಅಷ್ಟು ನೆನಪಿಟ್ಟುಕೊಂಡು ಓದಿ.

ನಮ್ಮ ಕಡೆ ಸಾಲದಲ್ಲಿ ಒಂದು ಬಗೆ ಇದೆ, ಕೈಗಡ. ಕಾಗದ ಇಲ್ಲ, ಬಡ್ಡಿ ಇಲ್ಲ, ತುರ್ತಿಗೆ ಇಸಿದುಕೊಂಡು ಖರ್ಚು ಮಾಡುವುದು. ಇನ್ನೊಂದು ಮುಯ್ಯಾಳು. ಇಲ್ಲಿ ದುಡ್ಡಿನ ಮಾತಿಲ್ಲ, ನಿಮ್ಮ ಹೊಲದ ಕೆಲಸಕ್ಕೆ ಪಕ್ಕದ ಮನೆಯ ಆಳೇ ಬಂದು ದುಡಿದು ಹೋಗುತ್ತಾನೆ. ಗುಣವಾದವರ ರಕ್ತದ ದ್ರವ, ಅಂದರೆ ಪ್ಲಾಸ್ಮಾ, ಕೈಗಡ ಇದ್ದ ಹಾಗೆ. ಅದರಲ್ಲಿರುವ ಪ್ರತಿಕಾಯಗಳು ಕೆಲ ವಾರ ಕೆಲಸ ಮಾಡಿ ಖರ್ಚಾಗಿ ಹೋಗುತ್ತವೆ. ಜೀವಕೋಶ ಮುಯ್ಯಾಳು ಇದ್ದ ಹಾಗೆ. ಅದು ಒಳಗೆ ಹೋಗಿ ವೈರಸ್ ಹೊಕ್ಕ ಜಾಗವನ್ನು ಹುಡುಕಿ, ಬೇಕಾದರೆ ತನ್ನ ಸಂಖ್ಯೆಯನ್ನೂ ಹೆಚ್ಚಿಸಿಕೊಂಡು ಕೆಲಸ ಮಾಡಬಲ್ಲದು. ಕೆಲಸ ಕೆಡಿಸಲೂ ಬಲ್ಲದು!

ಈ ಎರಡೂ ದಾರಿಗಳು ಹುಟ್ಟಿದ್ದು ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಇಟ್ಟ. ಮರುದಿನ ನೋಡಿದರೆ ಮುಳ್ಳಿನ ಸುತ್ತ ಓಡಾಡುವ ಕೋಶಗಳು ಮುತ್ತಿಕೊಂಡಿದ್ದವು. ದೇಹವನ್ನು ಕಾಯುವುದು ಇವೇ ಅಂದ. 1890ರಲ್ಲಿ ಬರ್ಲಿನ್‌ನಲ್ಲಿ ಬೇರಿಂಗ್ ಮತ್ತು ಕಿಟಸಾಟೊ, ಇಲ್ಲ, ಕಾಯುವುದು ರಕ್ತದ ದ್ರವ ಅಂದರು. ಒಂದು ಪ್ರಾಣಿಯ ಸೀರಮ್ಮನ್ನು ಇನ್ನೊಂದಕ್ಕೆ ಕೊಟ್ಟು ಡಿಫ್ತೀರಿಯಾದ ವಿಷದಿಂದ ಉಳಿಸಿ ತೋರಿಸಿದರು. ಕೋಶದ ಪಕ್ಷ, ದ್ರವದ ಪಕ್ಷ ಅಂತ ವಿಜ್ಞಾನಿಗಳು ವರ್ಷಗಟ್ಟಲೆ ಜಗಳಾಡಿದರು. ಕೊನೆಗೆ 1908ರ ನೊಬೆಲ್ ಬಹುಮಾನವನ್ನು ಕೋಶದ ಕಡೆಯ ಮೆಚ್ನಿಕಾಫ್‌ಗೂ ದ್ರವದ ಕಡೆಯ ಅರ್ಲಿಖ್‌ಗೂ ಹಂಚಿದರು. ನಮ್ಮೂರ ಪಂಚರು ಮಾಡುವ ತೀರ್ಮಾನದ ಹಾಗೇ ಇದೆ, ಅಲ್ವಾ? :-)

ಈಗ ಗದಗಕ್ಕೆ ಬರೋಣ. ಮೆಚ್ನಿಕಾಫ್ ಒಡೆಸ್ಸಾದಲ್ಲಿ ಪಾಠ ಹೇಳುತ್ತಿದ್ದಾಗ ಅವನ ಕೈಕೆಳಗೆ ಓದಿದ ಹುಡುಗ ವಾಲ್ಡೆಮರ್ ಹಾಫ್ಕಿನ್. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಈ ಹಾಫ್ಕಿನ್ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಪ್ಲೇಗ್ ರೈಲು ಹತ್ತಿ ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ಬಂತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಮಿಲಿಟರಿ ಡಾಕ್ಟರ್ ಊರಿಗೆ ಊರನ್ನೇ ಲಸಿಕೆಗೆ ಒಪ್ಪಿಸಿದ. ಧಾರವಾಡ ಮತ್ತು ಗದಗದಲ್ಲಿ ಮಿಸ್ ಕಾರ್ಥಾರ್ನ್ ಎಂಬ ಮಹಿಳಾ ವೈದ್ಯೆ ಈ ಕೆಲಸ ಮಾಡಿದರು. ಜೀವಕೋಶದ ಕಾವಲನ್ನು ಕಂಡುಹಿಡಿದವನ ಶಿಷ್ಯನ ಮದ್ದು ಹದಿನಾರೇ ವರ್ಷದಲ್ಲಿ ನಮ್ಮ ಗದಗದ ಜನರ ತೋಳಿಗೆ ಬಂದಿತ್ತು ಅನ್ನುವುದು ನನಗಂತೂ ಇದನ್ನು ಓದುವವರೆಗೆ ಗೊತ್ತಿರಲಿಲ್ಲ.

ಪ್ಲೇಗ್ ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಲಸಿಕೆ ಕೈಗಡವೂ ಅಲ್ಲ, ನಮ್ಮ ದೇಹದ ಸ್ವಂತ ದುಡಿಮೆ. ಹಾಗಿದ್ದರೂ ಇದನ್ನು ಇಲ್ಲಿ ತಂದಿದ್ದು ಹಾಫ್ಕಿನ್‌ನ ಎಣಿಕೆಗಾಗಿ. 1898ರಲ್ಲಿ ಬರೋಡಾ ಹತ್ತಿರದ ಉಂಧೇರಾ ಎಂಬ ಹಳ್ಳಿಯಲ್ಲಿ ಅವನು ಮನೆಮನೆಗೂ ಹೋಗಿ, ಒಂದೇ ಮನೆಯಲ್ಲಿ ಕೆಲವರಿಗೆ ಚುಚ್ಚಿ ಕೆಲವರಿಗೆ ಬಿಟ್ಟ. ಅದೇ ಮನೆ, ಅದೇ ಇಲಿ, ಅದೇ ಊಟ. ಚುಚ್ಚಿಸಿಕೊಂಡ 71 ಜನರಲ್ಲಿ ಸತ್ತವರು 3. ಚುಚ್ಚಿಸಿಕೊಳ್ಳದ 64 ಜನರಲ್ಲಿ ಸತ್ತವರು 26. ಓದಿದರೆ ಕರುಳು ಹಿಂಡುತ್ತದೆ. ಇವತ್ತು ಯಾವ ನೈತಿಕ ಸಮಿತಿಯೂ ಒಪ್ಪದ ರೀತಿ ಅದು. ಆದರೆ ಆ 64 ಜನರ ಲೆಕ್ಕ ಇಲ್ಲದಿದ್ದರೆ ಈ 71 ಜನರ ಲೆಕ್ಕಕ್ಕೆ ಏನೂ ಅರ್ಥ ಇರುತ್ತಿರಲಿಲ್ಲ.

ಇಪ್ಪತ್ತು ವರ್ಷದ ನಂತರ 1918ರಲ್ಲಿ ಇನ್ಫ್ಲುಯೆಂಜಾ ಬಂತು. ಆಗ ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿತ್ತು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಜ್ವರಕ್ಕೆ ಇದ್ಯಾವ ಗಡಿಯೂ ಲೆಕ್ಕಕ್ಕಿರಲಿಲ್ಲ. ಜೂನ್‌ನಲ್ಲಿ ಮುಂಬೈ ಬಂದರಿನಲ್ಲಿ ಕಾಣಿಸಿಕೊಂಡ ರೋಗ ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೇ ಅಲೆಯಾಗಿ ತಿರುಗಿ ಬಂದು, ಮುಂಬೈ ಪ್ರಾಂತ್ಯ ಒಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮರಾಠಿ ಸೀಮೆಯಲ್ಲಿ ಇದನ್ನು ಮಾನಮೋಡಿ ಅಂತ ಕರೆದರು. ಇಡೀ ದೇಶದಲ್ಲಿ ಸತ್ತವರು 1.2 ಕೋಟಿಯಿಂದ 1.8 ಕೋಟಿ ಅನ್ನುವ ಅಂದಾಜುಗಳಿವೆ. ಸತ್ತವರಲ್ಲಿ ಬಹಳ ಮಂದಿ 20ರಿಂದ 40 ವರ್ಷದ ಗಟ್ಟಿಮುಟ್ಟು ಜನ. ಈ ರೋಗ ಬರುವುದು ವೈರಸ್‌ನಿಂದ ಎಂದೂ ಆಗ ಗೊತ್ತಿರಲಿಲ್ಲ. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ.

ಅದೇ 1918ರಲ್ಲಿ ಅಮೆರಿಕದ ಚೆಲ್ಸಿಯಾ ನೌಕಾಪಡೆ ಆಸ್ಪತ್ರೆಯಲ್ಲಿ ಮೆಕ್‌ಗೈರ್ ಮತ್ತು ರೆಡನ್ ಎಂಬ ವೈದ್ಯರು ಫ್ಲೂನಿಂದ ಚೇತರಿಸಿಕೊಂಡವರ ಸೀರಮ್ಮನ್ನು ನ್ಯುಮೋನಿಯಾ ಹತ್ತಿದವರಿಗೆ ಕೊಟ್ಟರು. ಉಸಿರಿನ ರೋಗಕ್ಕೆ ಕೈಗಡ ಇಲ್ಲಿಂದ ಶುರು. ಆ ಕಾಲದ ಇಂಥ 8 ಅಧ್ಯಯನಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕೊಟ್ಟವರಲ್ಲಿ 16% ಸಾವು, ಕೊಡದವರಲ್ಲಿ 37% ಸಾವು ಎಂದು ಬಂತು. ಅಬ್ಬಾ ಅನ್ನಿಸುವ ವ್ಯತ್ಯಾಸ! ಆದರೆ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ಅಲ್ಲಿ ಚೀಟಿ ಎತ್ತಿರಲಿಲ್ಲ. ಉಳಿಯುವ ಲಕ್ಷಣ ಇದ್ದವರಿಗೇ ಹೆಚ್ಚು ಸಿಕ್ಕಿರಬಹುದು. 2020ರಲ್ಲಿ ಜಗತ್ತಿನ ವೈದ್ಯರು ಪ್ಲಾಸ್ಮಾ ಕಡೆ ಕೈ ಚಾಚಿದ್ದಕ್ಕೆ ಈ ಹಳೆಯ ಸಂಖ್ಯೆಗಳೂ ಒಂದು ಕಾರಣ.

ಹಾಗಾದರೆ ಕೋಶದ ಪಕ್ಷ ಇಷ್ಟು ದಿನ ಎಲ್ಲಿತ್ತು? ದ್ರವವನ್ನು ಬಾಟಲಿಗೆ ತುಂಬಬಹುದು, ಕೋಶಕ್ಕೆ ಜೀವ ಇರುತ್ತದೆ, ಅದನ್ನು ಸಾಕಬೇಕು. ಅದು ಒಂದು ತೊಂದರೆ. ಇನ್ನೂ ದೊಡ್ಡ ತೊಂದರೆ ಗೊತ್ತಾಗಿದ್ದು 1974ರಲ್ಲಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಜಿಂಕರ್ನಾಗೆಲ್ ಮತ್ತು ಡೊಹರ್ಟಿ ಒಂದು ಇಲಿಯ ಟಿ-ಕೋಶಗಳನ್ನು ವೈರಸ್ ಹೊಕ್ಕ ಬೇರೆ ತಳಿಯ ಇಲಿಯ ಕೋಶಗಳ ಮೇಲೆ ಬಿಟ್ಟರು. ಅವು ಸುಮ್ಮನಿದ್ದವು! ಟಿ-ಕೋಶ ಬರೀ ವೈರಸ್ಸನ್ನು ನೋಡುವುದಿಲ್ಲ, 'ನಮ್ಮವರ ಕೋಶದಲ್ಲಿ ವೈರಸ್' ಅನ್ನುವ ಜೋಡಿ ಗುರುತನ್ನು ನೋಡುತ್ತದೆ. ಮುಯ್ಯಾಳಿಗೆ ನಿಮ್ಮ ಹೊಲದ ಬದು ಗೊತ್ತಿದ್ದರೆ ಮಾತ್ರ ಕಸ ಯಾವುದು ಬೆಳೆ ಯಾವುದು ತಿಳಿಯುತ್ತದೆ, ಹಾಗೆ. ಗುರುತು ತಪ್ಪಿದರೆ ಒಂದೋ ಕೈಕಟ್ಟಿ ನಿಲ್ಲುತ್ತಾನೆ, ಇಲ್ಲವೇ ಬೆಳೆಯನ್ನೇ ಕಿತ್ತು ಹಾಕುತ್ತಾನೆ. ಈ ಶೋಧಕ್ಕೆ 1996ರಲ್ಲಿ ನೊಬೆಲ್ ಬಂತು.

ಆದ್ದರಿಂದ ಮೊದಲ ಗೆಲುವು ಸಿಕ್ಕಿದ್ದು ಗುರುತು ಹೊಂದುವ ಜಾಗದಲ್ಲೇ. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಿಗೆ ಕೆಲವು ತಿಂಗಳು ಸ್ವಂತ ರಕ್ಷಣೆ ಇರುವುದಿಲ್ಲ. ನಮ್ಮ ನಿಮ್ಮಲ್ಲಿ ಸುಮ್ಮನೆ ಮಲಗಿರುವ ಸಿಎಂವಿ ಎಂಬ ವೈರಸ್ ಅವರಲ್ಲಿ ಎದ್ದು, ಶ್ವಾಸಕೋಶಕ್ಕೆ ಇಳಿದು ಮಾರಕ ನ್ಯುಮೋನಿಯಾ ತರುತ್ತದೆ. 1992ರಲ್ಲಿ ಸಿಯಾಟಲ್‌ನಲ್ಲಿ ಸ್ಟ್ಯಾನ್ಲಿ ರಿಡೆಲ್ ಮತ್ತು ಜೊತೆಗಾರರು ಮಜ್ಜೆ ಕೊಟ್ಟ ದಾನಿಯ ರಕ್ತದಿಂದಲೇ ಈ ವೈರಸ್ ಗುರುತಿಸುವ ಟಿ-ಕೋಶಗಳನ್ನು ಆರಿಸಿ, ಬೆಳೆಸಿ ಮೂವರಿಗೆ ಕೊಟ್ಟರು. 1995ರಲ್ಲಿ 14 ಜನರ ವರದಿ ಬಂತು. ಒಬ್ಬರಿಗೂ ಸಿಎಂವಿ ರೋಗ ಬರಲಿಲ್ಲ. ಇಲ್ಲಿ ಗಮನಿಸಬೇಕಾದ್ದು, ಇವರಿಗೆ ಕೋಶ ಕೊಟ್ಟಿದ್ದು ರೋಗ ಬರುವ ಮೊದಲು. ಅದೂ ಸ್ವಂತ ಸೈನ್ಯವೇ ಇಲ್ಲದವರಿಗೆ.

ಇಷ್ಟು ಹಿನ್ನೆಲೆ ಇಟ್ಟುಕೊಂಡು 2020ಕ್ಕೆ ಬರೋಣ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಮಾ ಪ್ರಯೋಗಕ್ಕೆ ಚಾಲನೆ ಸಿಕ್ಕಿತು. ಅಲ್ಲಿ ಮೊದಲು ಪಡೆದ ರೋಗಿ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ತಿಂಗಳು ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಪ್ಲಾಸ್ಮಾ ಪಡೆದವರು ಗುಣವಾದರು. ನಮ್ಮ ಕಡೆಯ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿ. ಬೆಂಗಳೂರಿನ ಸಾವಿಗೆ 'ತಡವಾಗಿತ್ತು' ಅಂದರು, ಹುಬ್ಬಳ್ಳಿಯ ಬದುಕಿಗೆ 'ಪ್ಲಾಸ್ಮಾ' ಅಂದರು. ಒಂದು ವರ್ಷದ ಮಟ್ಟಿಗೆ ಇಡೀ ರಾಜ್ಯ ಇದೇ ತರ್ಕದಲ್ಲಿ ನಡೆಯಿತು.

2021ರ ಮೇ ತಿಂಗಳಲ್ಲಿ ನಾನು ಯಳವತ್ತಿಯಲ್ಲೇ ಕೂತು ಕಂಪನಿ ಕೆಲಸ ಮಾಡುತ್ತಿದ್ದೆ. ನೆಟ್‌ವರ್ಕ್ ಸಿಗುವುದು ಮಾಳಿಗೆ ಮೇಲೆ ಮಾತ್ರ. ನಮ್ಮ ಸೋದರಮಾವನನ್ನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಆಕ್ಸಿಜನ್ ಇಳಿಯುತ್ತಿತ್ತು. ಒಂದು ಸಂಜೆ ಅಲ್ಲಿಂದ ಚೀಟಿ ಬಂತು, ಬಿ ಪಾಸಿಟಿವ್ ಪ್ಲಾಸ್ಮಾ ತರಿಸಿ ಅಂತ. ರಾತ್ರಿಯಿಡೀ ಮಾಳಿಗೆ ಮೇಲೆ ಕೂತು ಗೊತ್ತಿದ್ದ, ಗೊತ್ತಿಲ್ಲದ ವಾಟ್ಸಾಪ್ ಗುಂಪುಗಳಿಗೆಲ್ಲ ಮೆಸೇಜ್ ಹಾಕಿದೆ. ಅದೇ ಗುಂಪುಗಳಲ್ಲಿ ನಮ್ಮಂಥದ್ದೇ ಇನ್ನೂ ಹತ್ತಾರು ಮೆಸೇಜ್ ಓಡುತ್ತಿದ್ದವು, ಕೆಳಗೆ 'ದಾನಿ ಬೇಡ, ರೋಗಿ ಇಲ್ಲ' ಅಂತಲೂ. ಕೊನೆಗೆ ಲಕ್ಷ್ಮೇಶ್ವರದ ಒಬ್ಬ ಮಾಸ್ತರರು, ಮೂರು ತಿಂಗಳ ಹಿಂದೆ ಗುಣವಾದವರು, ಲಾಕ್‌ಡೌನ್ ಪಾಸ್ ಮಾಡಿಸಿಕೊಂಡು ಹೋಗಿ ಕೊಟ್ಟು ಬಂದರು. ಬಸ್ ಇಲ್ಲದ ದಿನ, ಬೈಕಿನಲ್ಲಿ. ಅವರ ಋಣ ನಮ್ಮ ಮನೆಯವರು ತೀರಿಸಲಾರರು.

ಮಾವ ಉಳಿದರು. ಪಕ್ಕದ ಹಾಸಿಗೆಯಲ್ಲಿ ಮುಂಡರಗಿ ಕಡೆಯ ಒಬ್ಬರಿದ್ದರು, ಮಾವನಿಗಿಂತ ಚಿಕ್ಕವರು. ಅವರಿಗೂ ಪ್ಲಾಸ್ಮಾ ಸಿಕ್ಕಿತ್ತು. ಅವರು ಉಳಿಯಲಿಲ್ಲ. ಇಬ್ಬರಿಗೂ ಆಕ್ಸಿಜನ್, ಇಬ್ಬರಿಗೂ ಸ್ಟೀರಾಯ್ಡ್.

ಕೆಲವೇ ದಿನಗಳಲ್ಲಿ, ಮೇ 17ರಂದು, ಐಸಿಎಂಆರ್ ಪ್ಲಾಸ್ಮಾವನ್ನು ಚಿಕಿತ್ಸೆಯ ಪಟ್ಟಿಯಿಂದ ತೆಗೆದುಹಾಕಿತು. ಸುದ್ದಿ ಓದಿ ಹೇಳಿದಾಗ ಅವ್ವ ಸಿಟ್ಟಾದಳು. "ಅವ್ರಿಗೇನ್ ಗೊತ್ತೋ? ನಮ್ಮಣ್ಣ ಕಣ್ಣಮುಂದ ಕುಂತಾನ." ಅವ್ವನ ಮಾತಿಗೆ ನಾನು ಎದುರು ಹೇಳಲಿಲ್ಲ, ಆ ಹೊತ್ತು ಹೇಳುವಂಥದ್ದೂ ಅಲ್ಲ. ಆದರೆ ನನ್ನ ಕೆಲಸದಲ್ಲಿ ದಿನಾ ನೋಡುವ ಸಂಗತಿ ಇದು. ಮೂರು ಕಡೆ ಕೋಡ್ ಬದಲಿಸುತ್ತೇವೆ, ಬಗ್ ಮಾಯವಾಗುತ್ತದೆ. ಯಾವ ಬದಲಾವಣೆಯಿಂದ ಹೋಯಿತು? ಒಂದೊಂದನ್ನೇ ತೆಗೆದು ನೋಡದೆ ಹೇಳಲು ಬರುವುದಿಲ್ಲ. ಮಾವನನ್ನು ಹಾಗೆ ತೆಗೆದು ಹಾಕಿ ನೋಡಲು ಆಗುತ್ತದೆಯೇ? ಒಬ್ಬ ಮನುಷ್ಯನಲ್ಲಿ ಆಗದ್ದನ್ನು ನೂರಾರು ಜನರಲ್ಲಿ ಚೀಟಿ ಎತ್ತಿ ಮಾಡುವುದೇ ಪ್ರಯೋಗ.

ಆ ಪ್ರಯೋಗ ನಮ್ಮ ದೇಶದಲ್ಲೇ ಆಗಿತ್ತು, ಪ್ಲಾಸಿಡ್ ಅಂತ ಹೆಸರು. 2020ರ ಏಪ್ರಿಲ್‌ನಿಂದ ಜುಲೈವರೆಗೆ 39 ಆಸ್ಪತ್ರೆಗಳಲ್ಲಿ 464 ರೋಗಿಗಳು. ಪ್ಲಾಸ್ಮಾ ಪಡೆದ 235 ಜನರಲ್ಲಿ 44 ಜನರಿಗೆ ರೋಗ ಉಲ್ಬಣಿಸಿತು ಅಥವಾ ಸಾವು ಬಂತು. ಪಡೆಯದ 229 ಜನರಲ್ಲಿ 41 ಜನರಿಗೆ. ಅಂದರೆ 19% ಮತ್ತು 18%, ವ್ಯತ್ಯಾಸವೇ ಇಲ್ಲ. ಈ ಫಲಿತಾಂಶ 2020ರ ಅಕ್ಟೋಬರ್‌ನಲ್ಲೇ ಪ್ರಕಟವಾಗಿತ್ತು! ಬ್ರಿಟನ್ನಿನ ರಿಕವರಿ ಪ್ರಯೋಗ ಇನ್ನೂ ದೊಡ್ಡದು, 11,558 ಜನ. ಎರಡೂ ಗುಂಪಿನಲ್ಲಿ 24% ಸಾವು. ಅಕ್ಟೋಬರ್‌ನಲ್ಲಿ ಗೊತ್ತಾದದ್ದು ಪಟ್ಟಿಗೆ ಬರಲು ಮುಂದಿನ ಮೇ ಬೇಕಾಯಿತಲ್ಲ, ಆ ಏಳು ತಿಂಗಳ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ. ಎಷ್ಟು ಮನೆಗಳವರು ಎಷ್ಟು ರಾತ್ರಿ ಮಾಳಿಗೆ ಮೇಲೆ ಕೂತಿದ್ದರೋ!

ಯಾಕೆ ಫಲಿಸಲಿಲ್ಲ? ಪ್ಲಾಸಿಡ್‌ನಲ್ಲಿ ಸೇರಿದ ದಿನವೇ ಪರೀಕ್ಷಿಸಿದ ರೋಗಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನರ ರಕ್ತದಲ್ಲಿ ಸ್ವಂತ ಪ್ರತಿಕಾಯಗಳಿದ್ದವು. ಮನೆಯಲ್ಲಿ ದುಡ್ಡಿದ್ದವನಿಗೆ ಕೈಗಡ ಕೊಟ್ಟು ಏನು ಬಂತು? ಅರ್ಜೆಂಟೀನಾದವರು ಇದನ್ನು ತಿರುಗಿಸಿ ಮಾಡಿದರು. 160 ವೃದ್ಧರಿಗೆ ರೋಗಲಕ್ಷಣ ಶುರುವಾದ 72 ಗಂಟೆಯೊಳಗೆ ಚೀಟಿ ಎತ್ತಿ, ಪ್ರತಿಕಾಯ ಹೇರಳವಾಗಿದ್ದ ಪ್ಲಾಸ್ಮಾ ಅಥವಾ ಬರೀ ಉಪ್ಪುನೀರು ಕೊಟ್ಟರು. ಉಸಿರಾಟದ ತೀವ್ರ ತೊಂದರೆ ಬಂದದ್ದು ಪ್ಲಾಸ್ಮಾದವರಲ್ಲಿ 16%, ಉಪ್ಪುನೀರಿನವರಲ್ಲಿ 31%. ಕೈಗಡ ಸುಳ್ಳಲ್ಲ, ಹೊತ್ತು ಮೀರಿದ ಕೈಗಡದಿಂದ ಉಪಯೋಗವಿಲ್ಲ. ಐಸಿಯು ಮುಟ್ಟುವ ಹೊತ್ತಿಗೆ ಶ್ವಾಸಕೋಶವನ್ನು ಕೆಡಿಸುತ್ತಿರುವುದು ಬಹುಪಾಲು ವೈರಸ್ ಅಲ್ಲ, ದಾರಿ ತಪ್ಪಿದ ನಮ್ಮದೇ ಸೈನ್ಯ. ಅದಕ್ಕೇ ವೆಂಟಿಲೇಟರ್ ಮೇಲಿದ್ದವರನ್ನು ಉಳಿಸಿದ್ದು ಆ ಸೈನ್ಯವನ್ನು ಸುಮ್ಮನಿರಿಸುವ ಡೆಕ್ಸಾಮೆಥಾಸೋನ್, ಕೆಲವೇ ರೂಪಾಯಿಯ ಹಳೇ ಸ್ಟೀರಾಯ್ಡ್. 2020ರ ಜೂನ್‌ನಲ್ಲಿ ಹೊರಬಂದ ರಿಕವರಿ ಲೆಕ್ಕದಲ್ಲಿ ಅಂಥವರ ಸಾವು 41%ರಿಂದ 29%ಕ್ಕೆ ಇಳಿದಿತ್ತು. ಮಾವನಿಗೂ ಇದನ್ನು ಕೊಟ್ಟಿದ್ದರು, ಆದರೆ ಕಟ್ಟೆಯ ಮೇಲೆ ಇದರ ಹೆಸರು ಯಾರೂ ಎತ್ತುವುದಿಲ್ಲ.

ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಈ ದಾರಿಯಲ್ಲೇ ಒಂದು ಔಷಧ ತಂದಿತು. ಇಟೋಲಿಜುಮಾಬ್, ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ 2013ರಿಂದಲೇ ಮಾರುತ್ತಿದ್ದದ್ದು. ಟಿ-ಕೋಶದ ಮೈಮೇಲಿನ ಸಿಡಿ6 ಎಂಬ ಗುಬ್ಬಿಗೆ ಅಂಟಿಕೊಂಡು ಅದರ ಆರ್ಭಟ ಇಳಿಸುತ್ತದೆ. 2020ರ ಜುಲೈನಲ್ಲಿ ಕೋವಿಡ್‌ಗೆ ತುರ್ತು ಅನುಮತಿ ಸಿಕ್ಕಿತು, ಒಂದು ವಯಲ್‌ಗೆ ಸುಮಾರು 7,950 ರೂಪಾಯಿ. ಅನುಮತಿಗೆ ಆಧಾರ 30 ಜನರ ಪ್ರಯೋಗ, ಔಷಧ ಪಡೆದವರು 20, ಪಡೆಯದವರು 10. ಆ ಹತ್ತರಲ್ಲಿ 3 ಸಾವು, ಇಪ್ಪತ್ತರಲ್ಲಿ ಇಲ್ಲ. ಕನ್ನಡದ ನೆಲದ ಕಂಪನಿ ಅಂತ ನನಗೂ ಹೆಮ್ಮೆಯೇ. ಆದರೆ ಹತ್ತು ಜನರ ಮೇಲೆ ಇಷ್ಟು ಭಾರ ಹೇರಬಾರದು. ರಾಷ್ಟ್ರೀಯ ಕಾರ್ಯಪಡೆಯೂ ಇದನ್ನು ಚಿಕಿತ್ಸಾ ಪಟ್ಟಿಗೆ ಸೇರಿಸಲಿಲ್ಲ.

ಇನ್ನು ನಿಜವಾದ ಮುಯ್ಯಾಳುಗಳು. ಮ್ಯಾಡ್ರಿಡ್‌ನ ಲಾ ಪಾಸ್ ಆಸ್ಪತ್ರೆಯವರು ಕೋವಿಡ್‌ನಿಂದ ಗುಣವಾದ ದಾನಿಯ ನೆನಪಿನ ಟಿ-ಕೋಶಗಳನ್ನು 9 ರೋಗಿಗಳಿಗೆ ಕೊಟ್ಟು, ಅಪಾಯವಿಲ್ಲ ಎಂದು ತೋರಿಸಿದರು. ಅಮೆರಿಕದ ಆಲೋವಿರ್ ಎಂಬ ಕಂಪನಿ ಹಲವು ವೈರಸ್‌ಗಳಿಗೆ ಸಿದ್ಧ ಟಿ-ಕೋಶಗಳನ್ನು ಮೊದಲೇ ಬೆಳೆಸಿ ಇಟ್ಟುಕೊಳ್ಳುವ ಹಾದಿ ಹಿಡಿಯಿತು. ಅವರ ಮುಖ್ಯ ಔಷಧದ ಆರಂಭದ ಫಲಿತಾಂಶಗಳು ಆಸೆ ಹುಟ್ಟಿಸುವಂತಿದ್ದವು. ದೊಡ್ಡ ಪ್ರಯೋಗಗಳಲ್ಲಿ ಗೆಲ್ಲುವ ಲಕ್ಷಣ ಕಾಣದೆ 2023ರ ಡಿಸೆಂಬರ್‌ನಲ್ಲಿ ಮೂರನ್ನೂ ನಿಲ್ಲಿಸಿದರು. ಪ್ಲಾಸ್ಮಾದ ಕಥೆಯೇ ಮತ್ತೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಐಎನ್‌ಕೆಟಿ ಎಂಬ ವಿರಳ ಕೋಶ. ಇದು ನೋಡುವ ಗುರುತು ಫಲಕ ಎಲ್ಲ ಮನುಷ್ಯರಲ್ಲೂ ಒಂದೇ. ಹಾಗಾಗಿ ಕ್ಯಾನ್‌ಬೆರಾದ ಆ ತೊಡಕು ಇಲ್ಲಿಲ್ಲ, ಯಾರ ಕೋಶವನ್ನು ಯಾರಿಗಾದರೂ ಕೊಡಬಹುದು. ಬರೀ ಕೊಲ್ಲುವುದಲ್ಲ, ಉಳಿದ ಕೋಶಗಳನ್ನು ಹತೋಟಿಯಲ್ಲಿಡುವ ಕೆಲಸವನ್ನೂ ಮಾಡುತ್ತದೆ. ಇಂಥ ಕೋಶಗಳನ್ನು ವೆಂಟಿಲೇಟರ್ ಮೇಲಿದ್ದ ಸುಮಾರು 20 ಕೋವಿಡ್ ರೋಗಿಗಳಿಗೆ ಕೊಟ್ಟ ವರದಿ 2024ರಲ್ಲಿ ಬಂತು. 30 ದಿನಕ್ಕೆ ಸುಮಾರು 70% ಜನ ಬದುಕಿದ್ದರು. ಓದಿದ ಕೂಡಲೇ ಕುರ್ಚಿಯಿಂದ ಎದ್ದೆ, ನಿಜ. ಮತ್ತೆ ಕೂತು ನೋಡಿದರೆ ಅಲ್ಲಿ ಚೀಟಿ ಎತ್ತಿದ ಎರಡನೇ ಗುಂಪು ಇಲ್ಲ. ಉಂಧೇರಾದ 64 ಜನ ಅಲ್ಲಿಲ್ಲ.

ಇವೆಲ್ಲ ನಮ್ಮಂಥ ಕಡೆ ಬರುವಂಥದ್ದೇ? ಕೋಶ ಬೆಳೆಸುವ ಕೆಲಸ ಈಗ ನಮ್ಮ ದೇಶಕ್ಕೆ ಹೊಸದಲ್ಲ. ರಕ್ತದ ಕ್ಯಾನ್ಸರಿಗೆ ರೋಗಿಯದೇ ಟಿ-ಕೋಶ ತಿದ್ದಿ ಕೊಡುವ ಮುಂಬೈ ಐಐಟಿಯ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್‌ನವರದು 2025ರಲ್ಲಿ ಬಂತು. ಖರ್ಚು ಹತ್ತಾರು ಲಕ್ಷ. ಎಲ್ಲರಿಗೂ ಒಗ್ಗುವ ಸಿದ್ಧ ಕೋಶವಾದರೆ ಒಬ್ಬ ದಾನಿಯಿಂದ ಬಹಳ ಜನರಿಗೆ ಆಗುವುದರಿಂದ ಖರ್ಚು ಇಳಿಯಬೇಕು. ಅದನ್ನು ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಇಟ್ಟು, ಬೇಕಾದಾಗ ಕರಗಿಸಿ ಕೊಡುತ್ತಾರೆ. ಇದನ್ನು ಹೇಳಿದಾಗ ಮಾವ ನಕ್ಕುಬಿಟ್ಟರು. "ಅದರಾಗೇನೈತೋ, ನಮ್ಮ ದನದ ದವಾಖಾನ್ಯಾಗ ಆ ಡಬ್ಬಿ ಐತಲ್ಲೋ!" ಹೌದು, ಹೋರಿಯ ವೀರ್ಯದ ಕಡ್ಡಿ ಇಡುವ ಡಬ್ಬಿ. ನಮ್ಮ ಕಡೆಯ ಪಶು ಆಸ್ಪತ್ರೆಗಳು ಎಷ್ಟೋ ವರ್ಷದಿಂದ ಅದೇ ನೈಟ್ರೋಜನ್ ತುಂಬಿಸಿಕೊಂಡು ಬರುತ್ತಿವೆ. ಆಮೇಲೆ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮುಂಡರಗಿಯವರ ಮಗನ ಮದುವೆ ಮೊನ್ನೆ ಆಯಿತಂತೆ, ಕಾರ್ಡ್ ಕಳಿಸಿದ್ದರು ಅಂದರು.